ಮೂರು ಬೀಜದ ಮನೆ

ಬೆಳಗಿನ ಬಸ್ಸಿಗೆ ಚಿತ್ರದುರ್ಗ ಬಿಟ್ಟೆ. ಒಣಗಾಳಿಗೆ ಕಿಟಕಿಯ ಗಾಜು ಬಡಿದುಕೊಳ್ಳುತ್ತಿತ್ತು. ಕಿರುಸಾಲ ಕೊಡುವ ಸಂಸ್ಥೆಯೊಂದು ಹಿರಿಯೂರಿನಲ್ಲಿ ಬಳಸುತ್ತಿದ್ದ ಪದ್ಧತಿಯನ್ನು ಹೊಸದುರ್ಗ, ಹೊಳಲ್ಕೆರೆ ಕಡೆಯ ಮಹಿಳಾ ಸಂಘಗಳಿಗೂ ತೋರಿಸಿಕೊಡಬೇಕಿತ್ತು. ಅದು ನಿಜಕ್ಕೂ ಕಡುಬಡವರನ್ನು ತಲುಪುತ್ತದೆಯೇ ಎಂದು ನೋಡಿ ವರದಿ ಬರೆಯುವುದು ನನಗೆ ಒಪ್ಪಿಸಿದ ಕೆಲಸ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದೂ ಇದನ್ನೇ. ಓದಿದಷ್ಟೂ ನಂಬಿಕೆ ಕರಗಿತ್ತು.

ಹಿರಿಯೂರಿನಲ್ಲಿ ಸಂಸ್ಥೆಯ ಸುಜಾತ ಜೊತೆಯಾದರು. ಸಂಘಗಳಿಗೆ ತರಬೇತಿ ಕೊಡುವವರು. ಊರಂಚಿನ ಬೀದಿಯಲ್ಲಿ ಪದ್ಧತಿಯನ್ನು ಮೊದಲ ಸಲ ನೋಡಿದೆ. ರಂಗೋಲಿ ಪುಡಿಯಿಂದ ನೆಲದ ಮೇಲೆ ಊರಿನ ಬೀದಿ, ಮನೆಗಳನ್ನು ಬರೆಯುತ್ತಾರೆ. ಅನುಕೂಲಸ್ಥರ ಮನೆಗೆ ಒಂದು ಹುಣಸೆ ಬೀಜ, ಬಡವರ ಮನೆಗೆ ಎರಡು, ಏನೂ ಇಲ್ಲದವರಿಗೆ ಮೂರು. ಸೇರಿದವರೆಲ್ಲ ಒಪ್ಪಬೇಕು. ಮೂರು ಬೀಜದ ಮನೆಯವರನ್ನು ಸಂಘಕ್ಕೆ ಸೇರಿಸಿಕೊಂಡು ಮೊದಲ ಸಾಲ ಕೊಡಬೇಕು.

"ಲೇ, ನಿಂಗ್ಯಾಕೆ ಮೂರು? ಮೊನ್ನೆ ಫ್ರಿಜ್ ತಂದೀಯ!" ಎಂದು ಒಬ್ಬಾಕೆ ಜಬರಿಸಿದಳು.

"ಫ್ರಿಜ್ ಐತೆ ಕಣೆ. ಅದ್ರೊಳಗೆ ಇಡಾಕೆ ಏನೈತೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಪದ್ಧತಿ ಪರವಾಗಿಲ್ಲ ಅನ್ನಿಸಿತು.

ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಮಾರಿಕಣಿವೆ ದಾರಿಯಾಗಿ ಹೊಸದುರ್ಗಕ್ಕೆ ಹೋದೆವು. ಸರ್ಕಾರಿ ಬಸ್ಸು, ಸುಜಾತರಿಗೆ ಟಿಕೆಟ್ ಉಚಿತ. ನಾನು ನೋಟು ತೆಗೆದಾಗ ಕಂಡಕ್ಟರ್, "ಈ ಬಸ್ನಾಗೆ ಬಡವರು ಅಂದ್ರೆ ನಾವು ಗಂಡಸ್ರೇ ಸರ್" ಎಂದ. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಆ ರಾತ್ರಿ ಹೊಸದುರ್ಗದಲ್ಲೇ ಉಳಿದೆವು.

ಮಾರನೆಯ ಬೆಳಿಗ್ಗೆ ಬಾಗೂರಿನ ಸಭೆ. ಅಲ್ಲಿ ಎಲ್ಲರಿಗೂ ಮೂರು ಬೀಜವೇ ಬೇಕಾಯಿತು. ಸುಜಾತ ಗಂಟಲು ಹರಿದುಕೊಂಡರು. ಬೀಜ ತೀರಿಹೋಗಿ ಕಡಲೆಕಾಳು ತರಿಸಿದ್ದು ಬಾಗೂರಿನಲ್ಲೋ ಹಿರಿಯೂರಿನಲ್ಲೋ, ಈಗ ಖಾತ್ರಿಯಿಲ್ಲ.

ಅಲ್ಲಿಂದ ಹೊಸದುರ್ಗಕ್ಕೆ ಮರಳಿ, ಹೊಳಲ್ಕೆರೆಯ ಬಸ್ಸು ಹತ್ತಿದೆವು. ಸುಜಾತರ ಪಕ್ಕದಲ್ಲಿ ಕೂತ ಹೆಂಗಸು ಗೌರಮ್ಮ. ಗಂಡ ತೀರಿಕೊಂಡಿದ್ದ, ಕೂಲಿಯೇ ಜೀವನ. ನಾವು ಹೋಗಬೇಕಿದ್ದ ಬಿ.ದುರ್ಗವೇ ಅವರ ಊರು. ಹೊಸದುರ್ಗದ ಅಣ್ಣನ ಮನೆಗೆ ಹೋಗಿ ಬರುತ್ತಿದ್ದರು.

"ಮಗಳಿಗೆ ಗಂಡು ಗೊತ್ತಾಗೈತೆ. ಮನೆ ಮುಂದೆ ಚಪ್ಪರ ಹಾಕಿ ಮದುವೆ ಮಾಡಿದ್ರೆ ಸಾಕು ಅಂದವ್ರೆ. ಒಳ್ಳೆ ಜನ" ಎಂದರು.

"ಸಂಘದಲ್ಲಿದ್ದೀರಾ?" ಎಂದೆ.

"ನಮ್ಮನ್ನ ಯಾರು ಸೇರಿಸ್ಕಂತಾರೆ ಸರ್? ನಾನು ಕಂತು ತಪ್ಪಿಸಿದ್ರೆ ಉಳಿದೋರು ಕಟ್ಬೇಕಲ್ಲ. ಎರಡು ಕುರಿ ತಗಳ್ಳಾಕೆ ಸಾಲ ಸಿಕ್ಕಿದ್ರೆ ಹೆಂಗೋ ಆಗದು."

ಸುಜಾತ ಖುಷಿಯಾದರು. "ಇವತ್ತು ನಿಮ್ಮೂರಾಗೇ ಸಭೆ ಐತೆ. ಬರ್ರಿ. ನಿಮ್ಮಂಥೋರಿಗೇ ಇದು."

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಮೂವರೂ ಬಿ.ದುರ್ಗ ಮುಟ್ಟಿದೆವು. ಬೇವಿನ ಮರದಡಿ ಹೆಂಗಸರು ಸೇರಿದ್ದರು. ಬೀದಿಗಳು ಮೂಡಿದವು, ಮನೆಗಳು ಮೂಡಿದವು. ಗೌರಮ್ಮನ ಮನೆಯ ಸರದಿ ಬಂದಾಗ ಯಾರೂ ಚೌಕಾಸಿ ಮಾಡಲಿಲ್ಲ. ಮೂರು ಬೀಜ ಬಿದ್ದವು. ಎಲ್ಲ ಸಭೆಗಳಲ್ಲೂ ವಾದವಿಲ್ಲದೆ ಒಪ್ಪಿಗೆಯಾದ ಮನೆ ಅದೊಂದೇ. ಇಟ್ಟ ಕೈ ಸಂಘದ ಅಧ್ಯಕ್ಷೆಯದು ಎಂದು ನನ್ನ ನೆನಪು. ಇಟ್ಟವನು ನಾನೇ ಎನ್ನುತ್ತಾರೆ ಸುಜಾತ. ನನ್ನ ನೆನಪಿನ ಮೇಲೆ ಪಣ ಕಟ್ಟಲಾರೆ.

ಗೌರಮ್ಮ ಮುಗುಳ್ನಗುತ್ತಿದ್ದರು. ಆಗ ಹಿಂದಿನಿಂದ ದನಿ ಬಂತು.

"ಓಹೋ, ನಮ್ಮ ಬೀಗರ ಮನೆಗೆ ಮೂರೂ ಬಿದ್ವಾ!"

ಗೌರಮ್ಮನ ಮಗಳಿಗೆ ಗೊತ್ತಾದ ಹುಡುಗನ ಸೋದರತ್ತೆ. ಬಿ.ದುರ್ಗಕ್ಕೇ ಮದುವೆಯಾಗಿ ಬಂದವಳು, ಸಂಬಂಧ ಕುದುರಿಸಿದ್ದೂ ಅವಳೇ ಎಂದು ಪಕ್ಕದವರು ಪಿಸುಗುಟ್ಟಿದರು. ಯಾರೋ ಕಿಸಕ್ಕೆಂದರು.

ಗೌರಮ್ಮ ಎದ್ದರು. ರಂಗೋಲಿಯ ಬೀದಿಗಳನ್ನು ತುಳಿದುಕೊಂಡೇ ಹೋಗಿ, ಬಗ್ಗಿ, ತಮ್ಮ ಮನೆಯ ಎರಡು ಬೀಜ ಎತ್ತಿಕೊಂಡರು.

"ಯಾರೋ ಗೊತ್ತಿಲ್ದೆ ಇಟ್ಟವ್ರೆ. ನಮಗೇನು ಕಮ್ಮಿ ಆಗೈತೆ? ಸಾಲಗೀಲ ಬ್ಯಾಡ ನಮಗೆ."

ಸುಜಾತ ಮೊಬೈಲಿನಲ್ಲಿ ಫೋಟೊ ತೆಗೆದರು. ಮೂರು ಬೀಜ ಇನ್ನೊಂದು ಮನೆಗೆ ಹೋದವು. ಅಧ್ಯಕ್ಷೆಯ ನಾದಿನಿಯ ಮನೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಸುಜಾತರನ್ನು ಪಕ್ಕಕ್ಕೆ ಕರೆದು, ಗೌರಮ್ಮನನ್ನು ಸದ್ದಿಲ್ಲದೆ ಸೇರಿಸಬಹುದೇ ಎಂದು ಕೇಳಿದೆ.

"ಎಲ್ಲರ ಎದುರಿಗೆ ತಾವೇ ತೆಗೆದ್ರಲ್ಲ ಸರ್. ಈಗ ಸೇರಿಸಿದ್ರೆ ಈ ಪದ್ಧತಿ ಯಾತಕ್ಕೆ? ಜನ ತಮ್ಮ ತಪ್ಪನ್ನ ತಾವೇ ತಿದ್ದಿಕೊಂಡ್ರು ಅಂತ ನಿಮ್ಮ ವರದೀಲಿ ಬರೀರಿ."

ಅಷ್ಟರಲ್ಲಿ ಸೋದರತ್ತೆ ಗೌರಮ್ಮನ ಕೈ ಹಿಡಿದು ನಿಂತಿದ್ದಳು. ದನಿ ಜೇನಿನಂತಿತ್ತು.

"ಅಲ್ಲ ಬೀಗ್ತಿ, ನಿಮ್ಮ ಕಷ್ಟ ನೋಡಿ ನಾವು ಚಪ್ಪರದ ಮದುವೆ ಸಾಕು ಅಂದಿದ್ವಿ. ಏನೂ ಕಮ್ಮಿ ಇಲ್ಲ ಅಂತ ಇಷ್ಟು ಜನದ ಮುಂದೆ ನೀವೇ ಅಂದ್ರಿ. ಹೊಳಲ್ಕೆರೆ ಛತ್ರದಾಗೆ ಮಾಡ್ಕೊಡ್ರಿ. ನಮ್ಮಣ್ಣಂಗೂ ಮರ್ಯಾದಿ, ನಿಮಗೂ ಮರ್ಯಾದಿ."

ಗೌರಮ್ಮ ನಮ್ಮ ಕಡೆ ನೋಡಿದರು. ಒಂದು ಕ್ಷಣವಷ್ಟೆ.

"ಅದಕ್ಕೇನಕ್ಕ, ಛತ್ರದಾಗೇ ಮಾಡಾಣ."

ಚಿತ್ರದುರ್ಗದ ಬಸ್ಸು ಬಂತು. ಹೊಳಲ್ಕೆರೆಯ ಮೇಲೆ ಹೋಗುವ ಬಸ್ಸು. ಗೌರಮ್ಮ ನಮ್ಮ ಜೊತೆಯೇ ಹತ್ತಿದರು. "ಈಗ ತಾನೆ ಬಂದ್ಯಲ್ಲೇ, ಮತ್ತೆ ಎಲ್ಲಿಗೆ?" ಎಂದು ಯಾರೋ ಕೂಗಿದರೆ, "ಛತ್ರ ಕೇಳ್ಕಂಡು ಬರ್ತೀನಿ" ಎಂದರು. ಸುಜಾತ ಮುಂದಿನ ಸೀಟಿನಲ್ಲಿ ಕೂತು ಫೋಟೊಗಳನ್ನು ಯಾರಿಗೋ ಕಳಿಸುತ್ತಿದ್ದರು. ಹೊಳಲ್ಕೆರೆ ಹತ್ತಿರವಾದಾಗ ಗೌರಮ್ಮ ನನ್ನ ಕಡೆ ಬಾಗಿದರು.

"ಸರ್, ನೀವು ಓದಿದೋರು, ಇದೇ ಕೆಲ್ಸದಾಗೆ ಇರೋರು. ಒಡವೆ, ಪತ್ರ ಏನೂ ಕೇಳ್ದಂಗೆ ವಾರದ ಬಡ್ಡಿಗೆ ಕೊಡೋರು ಇಲ್ಲಿ ಎಲ್ಲಿ ಕುಂತ್ಕಂತಾರೆ?"

ನನಗೆ ಗೊತ್ತಿತ್ತು. ಅಂಥವರ ಬಡ್ಡಿ ಎಷ್ಟು ಕ್ರೂರ ಎಂದು ಬರೆಯಲು ಹೋಗಿ ಅವರಲ್ಲೊಬ್ಬನ ಚಹಾ ಕುಡಿದಿದ್ದೆ. ಆ ಬಡ್ಡಿಯ ಲೆಕ್ಕವನ್ನೂ ಗೌರಮ್ಮನಿಗೆ ಹೇಳಿದೆ. "ಅದು ಗೊತ್ತು ಸರ್. ಜಾಗ ಹೇಳ್ರಿ" ಎಂದರು. ಹೇಳಿದೆ. ನಿಲ್ದಾಣದ ಎದುರು, ಬಟ್ಟೆ ಅಂಗಡಿಯ ಮೇಲಿನ ಮಹಡಿ.

ಅವರು ಇಳಿದು ರಸ್ತೆ ದಾಟಿದರು. ಬಸ್ಸು ಚಿತ್ರದುರ್ಗದ ಕಡೆ ತಿರುಗುವಾಗ ಹಿಂದಿನ ಗಾಜಿನಿಂದ ನೋಡಿದೆ. ಗೌರಮ್ಮ ಮೆಟ್ಟಿಲ ಕೆಳಗೆ ನಿಂತು, ಗುಡಿಗೆ ಹೋಗುವವರಂತೆ, ಚಪ್ಪಲಿ ಬಿಡುತ್ತಿದ್ದರು.