ಶುಕ್ರವಾರ ತುಂಬಿದ ಉಡಿ

ಹಿಂಸೆಯ ಬಗ್ಗೆ ಅಧ್ಯಯನ ಮಾಡುತ್ತೇನೆ ಎಂದರೆ ನಮ್ಮ ಕಡೆ ಜನ ಮೊದಲು ನನ್ನನ್ನು ನೋಡುತ್ತಾರೆ, ಆಮೇಲೆ ನನ್ನ ಗಂಡನನ್ನು. ಪಾಪ, ಇರುವೆಯನ್ನೂ ದಾಟಿ ನಡೆಯುವ ಮನುಷ್ಯ ಅವರು. ನಾನು ಹಾವೇರಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ, ಮನೆ ರಾಣೆಬೆನ್ನೂರಿನಲ್ಲಿ. ಕೊಲೆ, ದೊಂಬಿ ಎಲ್ಲ ಪತ್ರಿಕೆಯವರಿಗಿರಲಿ, ಬಾಗಿಲು ಹಾಕಿಕೊಂಡು ನಡೆಯುವುದರ ಬಗ್ಗೆ ನಾನು ಬರೆಯುತ್ತೇನೆ ಎಂದು ಹಟ ಹಿಡಿದಿದ್ದೆ. ಶುಕ್ರವಾರ ನನ್ನ ಪಾಠಗಳು ಬೇಗ ಮುಗಿಯುತ್ತವೆ. ಕಳೆದ ಸುಗ್ಗಿಯಲ್ಲಿ ಮನೆಗೆ ಹೋಗುವ ದಾರಿಯಲ್ಲಿ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕೂರತೊಡಗಿದೆ.

ಆ ಶೆಡ್ಡಿನಲ್ಲಿ ಎಲ್ಲರ ಕಣ್ಣೂ ಕೆಂಪು. ಯಾರು ಘಾಟಿಗೆ ಅಳುತ್ತಿದ್ದಾರೆ, ಯಾರು ಮನೆಯದನ್ನು ನೆನೆದು ಅಳುತ್ತಿದ್ದಾರೆ ಎಂದು ಹೇಳಲಾಗದು. ನಾನು ಸೀನಿ ಸೀನಿ ಅವರಿಗೆಲ್ಲ ನಗೆಪಾಟಲಾದೆ. ನಕ್ಕ ಮೇಲೆಯೇ ಅವರಿಗೆ ಮಾತು ಬಂತು. ನನಗಿಂತ ಕಿರಿಯಳೊಬ್ಬಳು ಕೈ ನಿಲ್ಲಿಸದೆ, ತಲೆ ಎತ್ತದೆ ಎಲ್ಲ ಹೇಳಿದಳು. ಗಂಡ ಚೀಲ ಸಾಗಿಸುವ ಗಾಡಿ ಓಡಿಸುತ್ತಾನೆ. ಕುಡಿಯುವುದಿಲ್ಲ. ಕುಡಿಯದೆಯೇ ಹೊಡೆಯುತ್ತಾನೆ. ಸಾರಿಗೆ ಉಪ್ಪು ಹೆಚ್ಚಾದರೂ, ಕಡಿಮೆಯಾದರೂ, ಸರಿಯಾಗಿದ್ದರೂ.

"ಪೊಲೀಸರಿಗೆ ಹೇಳೂಣೇನವಾ?" ಎಂದೆ.

"ಇವತ್ತ ಒಯ್ತಾರ, ನಾಳೆ ಬಿಡ್ತಾರ. ನಾಡಿದ್ದ ನಾ ಎಲ್ಲಿರ್ಲಿ? ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾರ. ಗೊತ್ತಾದ್ರ ಜೀವಂತ ಬಿಡಂಗಿಲ್ಲ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಸುತ್ತ ಕೂತವರಿಗೂ ಕಿವಿಗಳಿದ್ದವು.

ಮುಂದಿನ ಶುಕ್ರವಾರ ಬಸ್ಸಿಳಿದರೆ ಒಬ್ಬ ಗಂಡಸು ಎದುರಿಗೆ ಬಂದು ಕೈ ಮುಗಿದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಕೂದಲು. "ಕಾಲೇಜ ಮೇಡಂ ಅಲ್ರೀ? ನಮ್ಮಾಕಿ ಕೂಡ ಭಾಳ ಹೊತ್ತು ಕುಂತಿದ್ರಂತ. ಮನಿಗೆ ಬರ್ರಿ, ಚಾ ಕುಡದು ಹೋಗೀರಂತ."

ಹೋಗದಿದ್ದರೆ ಆ ಸಿಟ್ಟು ಯಾರ ಮೇಲೆ ಇಳಿಯುತ್ತದೆ ಎಂದು ಗೊತ್ತಿತ್ತು. ಅವನ ಹಿಂದೆ ನಡೆದೆ.

ಆಕೆಯನ್ನು ಅಂದು ಕೆಲಸಕ್ಕೆ ಕಳಿಸಿರಲಿಲ್ಲ. ಒಲೆಯ ಮುಂದಿದ್ದಳು, ನನ್ನ ಕಡೆ ನೋಡಲಿಲ್ಲ. ಅವನು ಹೊಸ್ತಿಲ ಮೇಲೆ ಕೂತ. ಹೊರಗೆ ಹೋಗಬೇಕೆಂದರೆ ಅವನನ್ನು ದಾಟಿಯೇ ಹೋಗಬೇಕು. "ಏನ್ ಬರಿಯಾಕತ್ತೀರಿ?" ಎಂದ. ಹೆಣ್ಣುಮಕ್ಕಳ ಕೆಲಸದ ಬಗ್ಗೆ ಎಂದೆ.

"ಭಾಳ ಚಲೋ ಆತು," ಎಂದು ನಕ್ಕು ಒಳಗೆ ಕೂಗಿದ: "ಏ, ಶುಕ್ರಾರ ಮನಿಗೆ ಬಂದಾರ, ಹಂಗ ಕಳಸ್ತೀಯೇನ? ಉಡಿ ತುಂಬು."

ಉಡಿ ತುಂಬುವುದೆಂದರೆ ನಮ್ಮಲ್ಲಿ ಮನೆಮಗಳಿಗೆ ಮಾಡುವ ಮರ್ಯಾದೆ. ಬೇಡ ಎನ್ನುವಂತಿಲ್ಲ. ನಾನು ಸೆರಗೊಡ್ಡಿದೆ. ಆಕೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ರವಿಕೆಗೆಂದು ಕುಬಸದ ಕಣ ಹಾಕಿದಳು. ಒಂದಿಷ್ಟು ಅಕ್ಕಿ ನೆಲಕ್ಕೂ ಬಿತ್ತು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಮುಗಿದ ಮೇಲೆ ಮೆಲ್ಲಗೆ ಹೇಳಿದ: "ಇನ್ನ ನೀವು ಈ ಮನಿ ಮಗಳು, ಅಕ್ಕಾರ. ಮನಿ ಮಗಳಾದಾಕಿ ಮನಿ ಮಾತು ಹೊರಗ ಒಯ್ಯಬಾರದು. ಖರೇ ಹೌದಿಲ್ಲೋ?"

ಇಷ್ಟು ವರ್ಷ ಕಪಾಟುಗಟ್ಟಲೆ ಓದಿದ್ದೇನೆ. ಅಕ್ಕಿ ಕೊಬ್ಬರಿಯಲ್ಲೂ ಬಾಯಿ ಕಟ್ಟಬಹುದು ಎಂದು ಯಾವ ಪಂಡಿತನೂ ಬರೆದಿರಲಿಲ್ಲ. ಭಯವಿತ್ತು. ಆದರೆ ಸಿಟ್ಟು ಬಂದರೆ ನನಗೆ ಬುದ್ಧಿಗಿಂತ ನಾಲಿಗೆ ಮುಂದು.

"ಖರೇ ಐತಿ ಬಿಡ್ರಿ," ಎಂದೆ. "ಮಗಳಂದ ಮ್ಯಾಲೆ ತವರಿಗೆ ಬರಾಕಬೇಕಲ್ಲ? ಇನ್ನ ಪ್ರತಿ ಶುಕ್ರಾರ ಬರ್ತೇನಿ, ಅತ್ತಿಗಿನ್ನ ಮಾತಾಡಿಸಿಕೊಂಡು ಹೋಗಾಕ."

ಅವನ ನಗು ಗಳಿಗೆ ಹೊತ್ತು ಮಾಯವಾಯಿತು. ಮಗಳು ಎಂದವನು ತಾನೇ, ಬರಬೇಡ ಎನ್ನುವುದು ಹೇಗೆ? "ಬರ್ರಿ, ಬರ್ರಿ," ಎಂದು ಹೊಸ್ತಿಲು ಬಿಟ್ಟು ಎದ್ದ. ಬಸ್ಸಿನಲ್ಲಿ ಮೋಟೆಬೆನ್ನೂರು ದಾಟಿದರೂ ಮಡಿಲಲ್ಲಿದ್ದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದೆ.

ಅಂದಿನಿಂದ ಪ್ರತಿ ಶುಕ್ರವಾರ ಬ್ಯಾಡಗಿಯಲ್ಲಿ ಇಳಿಯುತ್ತೇನೆ. ಅವರ ಓಣಿ ತಿರುಗುವಾಗ ಮೊದಲು ನೋಡುವುದು, ಮನೆ ಮುಂದೆ ಜನ ಸೇರಿದ್ದಾರೆಯೇ ಎಂದು. ಸೇರಿಲ್ಲದಿದ್ದರೆ ಉಸಿರು ಬಿಟ್ಟು ಒಳಗೆ ಹೋಗುತ್ತೇನೆ. ಅವನು ತಪ್ಪದೆ ಇರುತ್ತಾನೆ, ಮೆಣಸಿನಕಾಯಿ ದರ, ಮಳೆ ಎಲ್ಲ ಮಾತಾಡುತ್ತಾನೆ. ಸಹೋದ್ಯೋಗಿಗಳು "ಅಧ್ಯಯನ ಎಲ್ಲಿಗೆ ಬಂತು?" ಎನ್ನುತ್ತಾರೆ. ಎಲ್ಲಿಗೆ ಬರುತ್ತದೆ, ಆ ಹೊಸ್ತಿಲಿಗೇ ಬಂದು ನಿಂತಿದೆ. ಆದರೂ ಆಕೆ ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಳು, ಮೈ ತುಸು ತುಂಬಿಕೊಂಡಿದ್ದಳು. ಗೆದ್ದೆ ಎಂದುಕೊಂಡು ನಾನು ಒಳಗೊಳಗೇ ಉಬ್ಬಿದೆ.

ಹೋದ ತಿಂಗಳು ಒಂದು ಶುಕ್ರವಾರ ಅವನ ಗಾಡಿ ಚೀಲ ಇಳಿಸುವಲ್ಲಿ ಸಿಕ್ಕಿಹಾಕಿಕೊಂಡಿತು. ಮೊದಲ ಸಲ ಆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವನು ಬರುವ ಮೊದಲೇ ಲಗೂನೆ ಕೇಳಿಬಿಟ್ಟೆ: "ಹೊಡಿಯೂದು ಬಿಟ್ಟಾನೇನವಾ?"

ಆಕೆ ಚಹಾ ಸೋಸಿ ಕಪ್ಪನ್ನು ನನ್ನ ಮುಂದಿಟ್ಟಳು.

"ನೀವು ಬರೂದ್ರಿಂದ ಭಾಳ ಅನುಕೂಲ ಆಗೇತ್ರಿ ಅಕ್ಕಾರ," ಎಂದಳು. ದನಿಯಲ್ಲಿ ನಿಜವಾದ ಕೃತಜ್ಞತೆ ಇತ್ತು. ಕೆನ್ನೆ ಮುಟ್ಟಿ ತೋರಿಸಿದಳು. "ಈಗ ಮಾರಿಗೆ ಹೊಡಿಯಂಗಿಲ್ಲ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

"ತಪ್ಪಸಬ್ಯಾಡ್ರಿ ಮತ್ತ," ಎಂದು ಪಿಸುಗುಟ್ಟಿದಳು. ನಾನು ಕಪ್ಪು ಎತ್ತಿಕೊಂಡು ಕುಡಿಯತೊಡಗಿದೆ.