ಕ್ಯಾಮರಾ ಹಿಂದಿನ ಮಾಮ
ನಮ್ಮ ಕ್ಯಾಮರಾ ಮಾಮನದು ದಿನವೆಲ್ಲ ಬೂಟು ಹೊಲಿಯುವ ಕೆಲಸ. ವರ್ಷಕ್ಕೊಂದು ಸಂಜೆ ಮಾತ್ರ ಅವರು ದೊಡ್ಡ ಫೋಟೊಗ್ರಾಫರ್. ಅವರು ಬಿಟ್ಟುಬಂದ ದೇಶದಲ್ಲಿ ಚುನಾವಣೆ ಬೇಕೆಂದು ಚೌಕದಲ್ಲಿ ಕೂತ ಹುಡುಗರ ಮೇಲೆ ಸೈನ್ಯ ಗುಂಡು ಹಾರಿಸಿದ ದಿನದ ನೆನಪಿನ ಸಂಜೆ ಅದು. ಆಗ ತಪ್ಪಿಸಿಕೊಂಡು ಇಲ್ಲಿಗೆ ಬಂದವರೂ, ಅವರ ಜೊತೆಗಿರೋಣವೆಂದು ಬರುವ ನನ್ನಂಥ ಇಲ್ಲಿಯವರೂ, ಆ ದೇಶದ ರಾಯಭಾರ ಕಚೇರಿಯೆದುರು ಮೇಣದಬತ್ತಿ ಹಿಡಿದು ನಿಲ್ಲುತ್ತೇವೆ. ಮಾಮ ಒಬ್ಬೊಬ್ಬರ ಕಾಲರ್ ಸರಿಮಾಡುತ್ತಾರೆ, ಕುಳ್ಳರನ್ನು ಮುಂದಕ್ಕೆಳೆಯುತ್ತಾರೆ, "ಹಲ್ಲು ಬಿಡ್ಬೇಡ್ರೀ, ಇದೇನು ಮದುವೆ ಮನೇನಾ?" ಎಂದು ರೇಗುತ್ತಾರೆ. ಗೇಟು ಕಾಯುವ ಪೊಲೀಸನಿಗೂ ಹೊಟ್ಟೆ ಒಳಗೆಳೆದುಕೋ ಎಂದವರು ಅವರು. "ನೀವೂ ಬನ್ನಿ ಮಾಮ" ಎಂದರೆ ಸಾಕು, "ನನ್ನ ಮೂತಿ ಬಿದ್ರೆ ಫೋಟೊ ಕೆಡುತ್ತೆ" ಎಂದು ಕ್ಯಾಮರಾ ಹಿಂದೆ ಅವಿತುಕೊಳ್ಳುತ್ತಾರೆ. ನಾಚಿಕೆ ಎಂದುಕೊಂಡು ನಾವು ನಗುತ್ತಿದ್ದೆವು. ಈ ವರ್ಷ ಜನ ಇನ್ನೂ ಕಡಿಮೆ. ಗಾಳಿಗೆ ಬತ್ತಿಗಳೂ ನಿಲ್ಲುತ್ತಿರಲಿಲ್ಲ. ಮಾಮ ಇದ್ದಕ್ಕಿದ್ದಂತೆ ಕ್ಯಾಮರಾವನ್ನು ನನ್ನ ಕೈಗಿಟ್ಟು, ಸಾಲಿನ ನಡುವೆ ಹೋಗಿ ನಿಂತು, ತಲೆ ಬಾಚಿಕೊಂಡರು. "ಫೋಟೊದಲ್ಲಿ ನನ್ನ ಮುಖ ಕಂಡ್ರೆ ಊರಲ್ಲಿ ಅಮ್ಮನ್ನ ಹಿಡ್ಕೊಂಡು ಹೋಗ್ತಾರೆ ಅಂತ ಹೆದ್ರಿಕೆ ಇತ್ತು. ಮೊನ್ನೆ ಅಮ್ಮ ತೀರ್ಕೊಂಡ್ಳು. ತೆಗಿ ಈಗ, ಮುಖ ಚೆನ್ನಾಗಿ ಕಾಣ್ಲಿ" ಎಂದರು.