ಯುದ್ಧವಿಮಾನದ ಬಿಳಿ ಅಂಚು

ನನಗೆ ಯುದ್ಧವಿಮಾನಗಳ ಚಿತ್ರ ಕೂಡಿಡುವ ಹುಚ್ಚಿದೆ. ವಿಮಾನ ಹತ್ತಿದವನಲ್ಲ, ಯಲಬುರ್ಗಾ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕರೇ ಹೊಟ್ಟೆ ತೊಳಸುತ್ತದೆ. ಆದರೂ ರೆಕ್ಕೆ ನೋಡಿ ಯಾವ ದೇಶದ ವಿಮಾನವೆಂದು ಹೇಳಬಲ್ಲೆ. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ಈ ಚಿತ್ರಗಳನ್ನು ಕೆಲವೇ ಪ್ರತಿ ಅಚ್ಚು ಹಾಕಿ, ಚಿತ್ರದಲ್ಲಿರುವ ವಿಮಾನವನ್ನೇ ಹಾರಿಸಿದ ಮುದುಕನನ್ನು ಹುಡುಕಿ, ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ಸಹಿ ಹಾಕಿಸುತ್ತಾರೆ. ಸಂಗ್ರಹಕಾರರಿಗೆ ಆ ಸಹಿಯೇ ಪ್ರಾಣ. ಅಂಥದೊಂದು ನನಗೂ ಅಂಚೆಯಲ್ಲಿ ಬಂತು: ಎರಡನೇ ಮಹಾಯುದ್ಧದ ವಿಮಾನ, ಕೆಳಗೆ ಕಡಲು, ಎಡರೆಕ್ಕೆಯಿಂದ ಹೊಗೆ. ಕೊಪ್ಪಳಕ್ಕೆ ಒಯ್ದು, ಫೋಟೋಗಳಿಗೆ ಕಟ್ಟು ಹಾಕುವ ಖಾಜಾಸಾಬರಿಗೆ ಕೊಟ್ಟು, ಊರಿಗೆ ಮರಳುವ ಬಸ್ಸು ಹತ್ತಿದೆ.

ಕುಕನೂರು ಬಂದಾಗ ಥಟ್ಟನೆ ಒಂದು ಮಾತು ನೆನಪಾಯಿತು. ನಮ್ಮ ಕಡೆ ವರ್ಷ ಮುಗಿದ ಮೇಲೆ ಕ್ಯಾಲೆಂಡರಿನ ದೇವರಿಗೆ ಕಟ್ಟು ಹಾಕಿಸುತ್ತಾರೆ. ಆಗ ಕೆಳಗಿರುವ ಅಂಗಡಿಯ ಹೆಸರನ್ನು ಕತ್ತರಿಸಿ ಒಗೆಯುವುದು ರೂಢಿ. ಲಕ್ಷ್ಮಿಯ ಪಾದದಡಿ ಗೊಬ್ಬರದಂಗಡಿಯ ಹೆಸರಿದ್ದರೆ ಊದುಬತ್ತಿ ಬೆಳಗುವುದಾದರೂ ಹೇಗೆ? ಖಾಜಾಸಾಬರಂತೂ ಹೇಳಿಸಿಕೊಳ್ಳದೆಯೇ ಕತ್ತರಿಸುವವರು. ನಾನು ಸಹಿಯ ಸುದ್ದಿಯನ್ನೇ ಎತ್ತಿರಲಿಲ್ಲ!

ಬಸ್ಸಿನಿಂದ ಇಳಿದೆ. ಕೊಪ್ಪಳಕ್ಕೆ ವಾಪಸು ಹೋಗುವ ಬಸ್ಸು ಬರಲೊಲ್ಲದು. ಮೊಬೈಲು ಇನ್ನೂ ಎಲ್ಲರ ಕಿಸೆಗೆ ಬಂದಿರದ ಕಾಲ. ಅವರ ಅಂಗಡಿಯಲ್ಲಿ ಫೋನೂ ಇಲ್ಲ. ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಮನೆಯ ದೇವರಿಗೆ ಹರಕೆ ಹೊರೋಣವೆಂದರೆ, ಅವರೆಲ್ಲ ಖಾಜಾಸಾಬರ ಕತ್ತರಿಯಿಂದಲೇ ಉದ್ಧಾರವಾದವರು.

ಅಂಗಡಿ ಹೊಕ್ಕಾಗ ಚಿತ್ರಕ್ಕೆ ಆಗಲೇ ಗಾಜು ಕೂತಿತ್ತು. ಅಂಚು ಇರಲಿಲ್ಲ.

“ಕೆಳಗ ಏನೋ ಹೆಸರಿತ್ರಿ ಸರ್. ಅಂಗಡೀದು ಇರಬೇಕಂತ ತಗದ್ ಬಿಟ್ಟೀನಿ. ಈಗ ಎಷ್ಟ್ ಛಲೋ ಕಾಣ್ತೈತಿ ನೋಡ್ರಿ,” ಎಂದರು.

ನನಗೆ ಅಳುವೇ ಬಂತು. ಮೇಜಿನ ಕೆಳಗೆ ಕೂತು ಕಾಗದದ ಚೂರುಗಳಲ್ಲಿ ತಡಕಾಡಿದೆ. ಸಹಿಯ ಪಟ್ಟಿ ಸಿಕ್ಕಿತು. ಆದರೆ ಬೇರೆಯಾದ ಮೇಲೆ, ಸಂಗ್ರಹಕಾರರ ಕಣ್ಣಿಗೆ ಪಟ್ಟಿಯೂ ರದ್ದಿ, ಚಿತ್ರವೂ ರದ್ದಿ.

ಖಾಜಾಸಾಬರು ಚಿತ್ರವನ್ನೇ ನೋಡುತ್ತಿದ್ದರು. “ಸರ್, ರೆಕ್ಕಿಗೆ ಬೆಂಕಿ ಹತ್ತೈತಲ್ರಿ. ಒಳಗಿದ್ದಾವ ಮನಿ ಮುಟ್ಟಿದ್ನೇನ್ರಿ?”

ಇಷ್ಟು ವರ್ಷ ಚಿತ್ರ ಕೂಡಿಟ್ಟರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕೈಯಲ್ಲಿದ್ದ ಪಟ್ಟಿ ನೋಡಿದೆ. ಅಕ್ಷರಗಳು ನಡುಗಿದ್ದವು.

“ಮುಟ್ಟ್ಯಾನ, ಖಾಜಾಸಾಬ್ರ. ಮುಪ್ಪಿನಾಗ ಸಹಿ ಮಾಡ್ಯಾನ ನೋಡ್ರಿ.”

“ಮದಲ ಹೇಳಬಾರದೇನ್ರಿ!” ಎಂದು ಪಟ್ಟಿ ಇಸಿದುಕೊಂಡು, ಅಂಗಿಯ ತುದಿಯಿಂದ ಧೂಳು ಒರೆಸಿ, ಅದನ್ನೂ ಚಿತ್ರದ ಕೆಳಗೆ ಕೂರಿಸಲು ಆಗಷ್ಟೇ ಬಡಿದ ಮೊಳೆಗಳನ್ನು ಕೀಳತೊಡಗಿದರು.

ಈಗ ಮನೆಗೆ ಬಂದವರು ಗೋಡೆಯ ಮೇಲಿನ ಆ ಚಿತ್ರದ ಬೆಲೆ ಕೇಳಿದರೆ ರದ್ದಿ ಎಂದುಬಿಡುತ್ತೇನೆ. ಒಳಗಿದ್ದವನು ಏನಾದ ಎಂದು ಕೇಳಿದವರಿಗೆ ಮಾತ್ರ ಚಹಾ ಮಾಡಿಸುತ್ತೇನೆ.